ಅರಿವೆಯ ಅರಿವು



ಕನ್ನಡದಲ್ಲಿ ‘ಅರಿವೆ’ ಎಂದರೆ ಬಟ್ಟೆ, ‘ಅರಿವು’ ಎಂದರೆ ತಿಳಿವಳಿಕೆ. ಉಚ್ಚಾರದಲ್ಲಿ ಒಂದೇ ಸ್ವರದ ಅಂತರ. ಎರಡೂ ಒಂದೇ ಧಾತುವಿನಿಂದ ಹುಟ್ಟಿದವೆಂದು ನಾನು ಸಾಧಿಸಹೊರಟಿಲ್ಲ. ಆದರೆ ಅರಿವೆಯನ್ನು ಅರಿವಿಲ್ಲದೆ ಮುಟ್ಟಿದರೆ ಅರಿವೆಯೂ ಕೆಡುತ್ತದೆ, ಮನೆಯವರ ಮನಸ್ಸೂ ಕೆಡುತ್ತದೆ ಎಂಬ ಮಾತು ಕಳೆದ ಮಾಘ ಮಾಸದಲ್ಲಿ ನನ್ನ ಮನೆಯಲ್ಲಿಯೇ ಅನುಭವಕ್ಕೆ ಬಂದಿತು. ಆ ಪ್ರಸಂಗವನ್ನು ಮುಚ್ಚಿಡದೆ ಹೇಳಿ, ಅದರಿಂದ ನಾನು ಕಲಿತುದನ್ನು ತಮ್ಮ ಮುಂದಿಡುವುದು ಈ ತಿಂಗಳ ಬರಹದ ಉದ್ದೇಶ.

ನಾನು ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ದಿನ ಹಳೆಯ ವಿದ್ಯಾರ್ಥಿಗಳು ಕೂಡಿ ನನಗೊಂದು ಉಣ್ಣೆಯ ಶಾಲು ಹೊದಿಸಿದ್ದರು. ಚಳಿಗಾಲದ ಬೆಳಗಿನ ಹೊತ್ತು ಅದನ್ನು ಹೊದ್ದು ಓದಲು ಕುಳಿತುಕೊಳ್ಳುವುದು ನನಗೆ ರೂಢಿಯಾಗಿತ್ತು. ಒಂದು ದಿನ ಅದರ ಮೇಲೆ ಚಹಾ ಚೆಲ್ಲಿತು. ಒಗೆಯುವ ಬಟ್ಟೆಗಳ ರಾಶಿಯಲ್ಲಿ ಅದನ್ನೂ ಇರಿಸಿ ನಾನು ಗ್ರಂಥಾಲಯಕ್ಕೆ ಹೊರಟುಹೋದೆ. ನಮ್ಮ ಸೊಸೆ ಶಾಲೆಯೊಂದರಲ್ಲಿ ಶಿಕ್ಷಕಿ. ಬೆಳಗಿನ ಅವಸರದಲ್ಲಿ ರಾಶಿಯಲ್ಲಿದ್ದುದೆಲ್ಲವನ್ನೂ ಯಂತ್ರಕ್ಕೆ ತುಂಬಿ, ಬಿಸಿನೀರಿನ ಗುಂಡಿ ಒತ್ತಿ ತನ್ನ ಕೆಲಸಕ್ಕೆ ಹೋದಳು. ಸಂಜೆ ಹೊರತೆಗೆದಾಗ ಶಾಲು ಅರ್ಧಕ್ಕಿಂತ ಕಡಿಮೆಯಾಗಿ ಕುಗ್ಗಿತ್ತು. ಕಂಬಳಿಯ ತುಂಡಿನಂತೆ ದಪ್ಪವಾಗಿ, ಬಿರುಸಾಗಿ ಹೋಗಿತ್ತು.

“ತಪ್ಪಾತ್ರಿ ಮಾವಾರ, ಎಲ್ಲಾ ಅರಿವಿ ಕೂಡ ಇದನ್ನೂ ಹಾಕಿಬಿಟ್ಟೆ” ಎಂದು ಆಕೆ ತಲೆ ತಗ್ಗಿಸಿ ನಿಂತಳು. ಅಷ್ಟಕ್ಕೆ ನಾನು ಸುಮ್ಮನಾಗಬೇಕಾಗಿತ್ತು. ಆದರೆ ನಾಲಗೆ ಸುಮ್ಮನಾಗಲಿಲ್ಲ. “ಓದಿದಾಕಿ ಇದ್ದೀ, ಹಾಕೂ ಮುಂದ ಒಮ್ಮೆ ನೋಡಬಾರದಾಗಿತ್ತೇನು?” ಎಂದೆ. ಮಾತು ದೊಡ್ಡದಲ್ಲ, ಆದರೆ ನೆಟ್ಟ ಜಾಗದಲ್ಲಿ ನೆಟ್ಟಿತು. ಮೂರು ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು. ಬೆಳಗಿನ ಚಹಾ ತರುತ್ತಿದ್ದ ಸೊಸೆಯ ಬದಲು ಮೊಮ್ಮಗಳು ತರತೊಡಗಿದಳು.

ನಾಲ್ಕನೆಯ ದಿನ ಆರನೆಯ ಇಯತ್ತೆಯಲ್ಲಿ ಓದುವ ಅದೇ ಮೊಮ್ಮಗಳು ಕುಗ್ಗಿದ ಶಾಲನ್ನು ಹಿಡಿದುಕೊಂಡು ಬಂದು, “ಅಜ್ಜಾ, ಇದರ ಮೂಲ್ಯಾಗ ಏನೋ ಚಿತ್ರ ಅದಾವು ನೋಡ್ರಿ” ಎಂದಳು. ನೋಡಿದೆ. ಅಂಚಿಗೆ ಹೊಲಿದ ಎರಡು ಬೆರಳಗಲದ ಬಿಳಿಯ ಪಟ್ಟಿ. ಅದರ ಮೇಲೆ ಐದು ಚಿಕ್ಕ ಚಿತ್ರಗಳು: ಕಾಟು ಹಾಕಿದ ಒಂದು ಬೋಗುಣಿ, ಕಾಟು ಹಾಕಿದ ಒಂದು ತ್ರಿಕೋನ, ಒಂದು ಚೌಕ, ಒಂದು ಇಸ್ತ್ರಿ ಪೆಟ್ಟಿಗೆ, ‘ಪಿ’ ಅಕ್ಷರವನ್ನು ಹೊತ್ತ ಒಂದು ವೃತ್ತ. ಹಳಗನ್ನಡದ ಶಾಸನಗಳನ್ನೂ ಓಲೆಗರಿಯ ಕಟ್ಟುಗಳನ್ನೂ ಓದುತ್ತ ನಲವತ್ತು ವರ್ಷ ಕಳೆದ ನನಗೆ ಈ ಐದು ಚಿತ್ರಗಳನ್ನು ಓದಲು ಬರಲಿಲ್ಲ. ‘ಇದನ್ನು ನೀರಿನಲ್ಲಿ ಒಗೆಯಬೇಡಿ’ ಎಂದು ಶಾಲು ತಾನೇ ಹೇಳುತ್ತಿತ್ತು. ವರ್ಷಗಟ್ಟಲೆ ಅದನ್ನು ಹೊದ್ದ ನಾನು ಆ ಮಾತನ್ನು ಕೇಳಿಸಿಕೊಂಡಿರಲಿಲ್ಲ. ರಾಶಿಗೆ ಹಾಕಿದವನೂ ನಾನೇ. ಹಾಗಿರುವಾಗ ಸೊಸೆಯನ್ನು ಆಕ್ಷೇಪಿಸಲು ನನಗೆ ಯಾವ ಅಧಿಕಾರವಿತ್ತು?

ಆ ದಿನವೇ ಆ ಚಿತ್ರಲಿಪಿಯನ್ನು ಕಲಿಯಲು ಕುಳಿತೆ.

ಹಿಂದಿನ ಗುರುತು, ಇಂದಿನ ಗುರುತು

ಬಟ್ಟೆಗೆ ಗುರುತು ಹಾಕುವುದು ನಮಗೆ ಹೊಸದಲ್ಲ. ಊರಿನ ಬಟ್ಟೆಗಳನ್ನೆಲ್ಲ ಹಳ್ಳಕ್ಕೆ ಒಯ್ಯುತ್ತಿದ್ದ ಮಡಿವಾಳರು ಪ್ರತಿ ಮನೆಯ ಬಟ್ಟೆಯ ಅಂಚಿನಲ್ಲಿ ಚುಕ್ಕೆ, ಗೆರೆ, ಕತ್ತರಿ ಗುರುತುಗಳನ್ನು ಹಾಕುತ್ತಿದ್ದರು. ಅದಕ್ಕೆ ಬಳಸುತ್ತಿದ್ದುದು ಆಯುರ್ವೇದದಲ್ಲಿ ಭಲ್ಲಾತಕವೆಂದು ಹೆಸರಾದ ಕೇರು ಬೀಜದ ರಸ. ಸುಣ್ಣದೊಡನೆ ಸೇರಿದರೆ ಆ ಕಪ್ಪು ಎಷ್ಟು ಒಗೆದರೂ ಹೋಗದು. ಇಂಗ್ಲಿಷರು ಈ ಕಾಯಿಗೆ ‘ಗುರುತು ಹಾಕುವ ಕಾಯಿ’ ಎಂಬ ಅರ್ಥದ ಹೆಸರನ್ನೇ ಕೊಟ್ಟರು. ಅದರ ರಸ ತಗುಲಿದರೆ ಕೆಲವರ ಚರ್ಮ ಉರಿದು ಗುಳ್ಳೆ ಏಳುವುದೂ ಉಂಟು.

ಆ ಗುರುತು ಹೇಳುತ್ತಿದ್ದುದು ಒಂದೇ ಸಂಗತಿ: ಈ ಬಟ್ಟೆ ಯಾರದು. ಇದನ್ನು ಹೇಗೆ ಒಗೆಯಬೇಕು ಎಂಬುದನ್ನು ಬರೆಯುವ ಅಗತ್ಯವೇ ಇರಲಿಲ್ಲ. ಅದು ಒಗೆಯುವವರ ಕೈಯಲ್ಲಿಯೇ ಇತ್ತು. ಹತ್ತಿಯ ಧೋತರವನ್ನು ಸವಳು ಮಣ್ಣಿನ ನೀರಿನಲ್ಲಿ ಕುದಿಸಬಹುದು, ರೇಷ್ಮೆಯನ್ನು ಹಾಗೆ ಮಾಡಬಾರದು, ಅದಕ್ಕೆ ಅಂಟುವಾಳದ ನೊರೆ ಸಾಕು ಎಂಬುದನ್ನು ಅವರು ಬಲ್ಲರು. ನಾವು ಮಠದ ಪಾಠಶಾಲೆಯಲ್ಲಿದ್ದಾಗ ಕಾವಿಯ ಬಟ್ಟೆಗಳನ್ನು ಬಿಳಿಯ ಬಟ್ಟೆಗಳೊಡನೆ ನೆನೆಸಗೊಡುತ್ತಿರಲಿಲ್ಲ. ಒಮ್ಮೆ ನೆನೆಸಿ, ಎಲ್ಲರ ಧೋತರಗಳನ್ನೂ ಕಾವಿಯಾಗಿಸಿದ ವಿದ್ಯಾರ್ಥಿಗಳಲ್ಲಿ ನಾನೂ ಒಬ್ಬ. ಹನ್ನೆರಡನೆಯ ಶತಮಾನದಲ್ಲಿ ಮಡಿವಾಳ ಮಾಚಿದೇವರು ಬಟ್ಟೆ ಒಗೆಯುವುದನ್ನೇ ಕಾಯಕವಾಗಿ ಕೈಗೊಂಡು ಶರಣರ ಸಾಲಿನಲ್ಲಿ ನಿಂತರು. ಆ ಕೆಲಸದ ಹಿಂದೆ ಇರುವುದು ಕೇವಲ ತೋಳ್ಬಲವಲ್ಲ, ದ್ರವ್ಯಜ್ಞಾನ ಎಂಬುದನ್ನು ನಾವು ಮರೆಯಬಾರದು.

ಇಂದು ಪರಿಸ್ಥಿತಿ ಬದಲಾಗಿದೆ. ಹತ್ತಿ, ರೇಷ್ಮೆ, ಉಣ್ಣೆ ಎಂಬ ಮೂರು ನೂಲುಗಳ ಜೊತೆಗೆ ಪಾಲಿಯೆಸ್ಟರ್, ನೈಲಾನ್, ವಿಸ್ಕೋಸ್, ಅಕ್ರಿಲಿಕ್ ಮುಂತಾದವು ಬಂದಿವೆ. ಎರಡು ಮೂರು ನೂಲುಗಳನ್ನು ಬೆರೆಸಿ ನೇಯ್ದ ಬಟ್ಟೆ ಕಣ್ಣಿಗೆ ಹತ್ತಿಯಂತೆ ಕಂಡು, ಬಿಸಿಗೆ ಮೇಣದಂತೆ ಕರಗಬಹುದು. ನೇಯ್ದವರು ಒಂದು ದೇಶದಲ್ಲಿ, ಹೊಲಿದವರು ಮತ್ತೊಂದು ದೇಶದಲ್ಲಿ, ಉಡುವವರು ಮಗುದೊಂದು ದೇಶದಲ್ಲಿ. ಒಗೆಯುವವರಿಗೆ ಬಟ್ಟೆಯ ಸ್ವಭಾವ ತಿಳಿಯುವ ದಾರಿಯೇ ಇಲ್ಲ. ಆದುದರಿಂದ ಬಟ್ಟೆಯ ಗುಣವನ್ನು ಬಲ್ಲ ತಯಾರಕರು, ತಾವೆಂದೂ ನೋಡದ ಒಗೆಯುವವರಿಗೆ ಕಳುಹಿಸುವ ಕಿರುಪತ್ರವೇ ಈ ಪಟ್ಟಿ. ಹಿಂದಿನ ಗುರುತು ‘ನಾನು ಯಾರವನು’ ಎಂದು ಹೇಳುತ್ತಿತ್ತು. ಇಂದಿನ ಗುರುತು ‘ನಾನು ಎಂಥವನು’ ಎಂದು ಹೇಳುತ್ತದೆ.

ಚಿತ್ರಗಳು ಬಂದ ಬಗೆ

ಯೂರೋಪಿನಲ್ಲಿ ನೆರೆಯ ದೇಶಗಳ ನಡುವೆ ಬಟ್ಟೆಯ ವ್ಯಾಪಾರ ಬೆಳೆದಾಗ ಭಾಷೆಯ ತೊಡಕು ಎದುರಾಯಿತು. ಫ್ರಾನ್ಸಿನಲ್ಲಿ ಬರೆದ ಸೂಚನೆಯನ್ನು ಜರ್ಮನಿಯ ಗೃಹಿಣಿ ಓದಲಾರಳು. ಈ ಕಾರಣದಿಂದ 1958ರಲ್ಲಿ ಪ್ಯಾರಿಸ್‌ನಲ್ಲಿ ಚರ್ಚೆ ಮೊದಲಾಗಿ, 1963ರಲ್ಲಿ ಅಲ್ಲಿಯೇ ‘ಜಿನೆಟೆಕ್ಸ್’ ಎಂಬ ಅಂತರರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. ಅಕ್ಷರಗಳ ಬದಲು ಚಿತ್ರಗಳನ್ನು ಬಳಸುವ ಪದ್ಧತಿಯನ್ನು ಅದು ಹರಡಿತು. 1991ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಇದೇ ಚಿತ್ರಗಳನ್ನು ಆಧರಿಸಿ 3758 ಎಂಬ ಸಂಖ್ಯೆಯ ಮಾನಕವನ್ನು ಪ್ರಕಟಿಸಿತು. ಮುಂದೆ 2005, 2012 ಮತ್ತು 2023ರಲ್ಲಿ ಅದು ಪರಿಷ್ಕೃತವಾಯಿತು.

ಅಮೆರಿಕದವರು ಬೇರೆ ದಾರಿ ಹಿಡಿದರು. ಉಡುಪಿಗೆ ಆರೈಕೆಯ ಸೂಚನೆ ಇರಲೇಬೇಕೆಂಬ ನಿಯಮವನ್ನು ಅಲ್ಲಿನ ಸರ್ಕಾರ 1971ರಲ್ಲಿಯೇ ಹೊರಡಿಸಿತು. ಆದರೆ ಮಾತುಗಳ ಬದಲು ಬರಿಯ ಚಿತ್ರಗಳಿದ್ದರೆ ಸಾಕೆಂದು ಒಪ್ಪಿದ್ದು 1997ರಲ್ಲಿ. ಜಪಾನ್ ತನ್ನದೇ ಆದ ಚಿತ್ರಗಳನ್ನು ಬಹುಕಾಲ ಇಟ್ಟುಕೊಂಡು, 2016ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಪದ್ಧತಿಗೆ ಬಂದಿತು. ಹೊರದೇಶದಲ್ಲಿರುವ ಮಕ್ಕಳು ಕಳುಹಿಸಿದ ಅಂಗಿಯ ಮೇಲೆ ಒಂದು ಬಗೆಯ ಚಿತ್ರ, ಇಲ್ಲಿ ಕೊಂಡ ಅಂಗಿಯ ಮೇಲೆ ಮತ್ತೊಂದು ಬಗೆಯ ಚಿತ್ರ ಕಂಡು ನಾವು ಗೊಂದಲಕ್ಕೊಳಗಾಗಲು ಇದೇ ಕಾರಣ. ಆದರೂ ಮೂಲ ಆಕೃತಿಗಳು ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ.

ಐದು ಅಕ್ಷರ, ನಾಲ್ಕು ಪ್ರತ್ಯಯ

ವ್ಯಾಕರಣದ ವಿದ್ಯಾರ್ಥಿಯಾದ ನಾನು ಇದನ್ನು ವ್ಯಾಕರಣದಂತೆಯೇ ಕಲಿತೆ. ಮೂಲಾಕ್ಷರಗಳು ಐದು: ಬೋಗುಣಿ, ತ್ರಿಕೋನ, ಚೌಕ, ಇಸ್ತ್ರಿ ಪೆಟ್ಟಿಗೆ, ವೃತ್ತ. ಇವು ಸಾಮಾನ್ಯವಾಗಿ ಇದೇ ಕ್ರಮದಲ್ಲಿರುತ್ತವೆ, ಮತ್ತು ಈ ಕ್ರಮ ಬಟ್ಟೆಯ ಪ್ರಯಾಣದ ಕ್ರಮವೇ ಆಗಿದೆ: ಒಗೆಯುವುದು, ಬಿಳುಪು ಮಾಡುವುದು, ಒಣಗಿಸುವುದು, ಇಸ್ತ್ರಿ ಮಾಡುವುದು, ಕೊನೆಗೆ ಮನೆಯಲ್ಲಿ ಆಗದಿದ್ದರೆ ಅಂಗಡಿಗೆ ಕೊಡುವುದು. ಈ ಅಕ್ಷರಗಳಿಗೆ ಸೇರುವ ಪ್ರತ್ಯಯಗಳು ನಾಲ್ಕು. ಕಾಟು ಎಂದರೆ ‘ಕೂಡದು’. ಕೆಳಗೆ ಎಳೆದ ಒಂದು ಅಡ್ಡಗೆರೆ ಎಂದರೆ ‘ಮೃದುವಾಗಿ’; ಎರಡು ಗೆರೆ ಎಂದರೆ ‘ಅತಿ ಮೃದುವಾಗಿ’. ಚುಕ್ಕೆಗಳು ಬಿಸಿಯ ಪ್ರಮಾಣವನ್ನು ಹೇಳುತ್ತವೆ. ಚುಕ್ಕೆ ಹೆಚ್ಚಿದಷ್ಟೂ ಬಿಸಿ ಹೆಚ್ಚು. ಅಂಕಿ ಇದ್ದರೆ ಅದು ಸೆಂಟಿಗ್ರೇಡ್ ಮಾನದಲ್ಲಿ ನೀರಿನ ಉಷ್ಣತೆ. ಇಷ್ಟು ತಿಳಿದರೆ ಮುಕ್ಕಾಲು ಪಾಠ ಮುಗಿದಂತೆಯೇ.

*ಮೊದಲನೆಯದು ಬೋಗುಣಿ.* ಇದು ಒಗೆತದ ಚಿಹ್ನೆ. ಒಳಗೆ 30, 40, 60, 95 ಮುಂತಾದ ಅಂಕಿಗಳಿರುತ್ತವೆ. ಇದನ್ನು ಅಂಗಿಯ ಅಳತೆ ಎಂದು ತಿಳಿದವರನ್ನು ನಾನು ಕಂಡಿದ್ದೇನೆ. ನಾನೂ ಹಾಗೆಯೇ ತಿಳಿದಿದ್ದೆ. ನಮ್ಮ ಶರೀರದ ಉಷ್ಣತೆ ಸುಮಾರು 37. ಆದುದರಿಂದ 40 ಎಂದರೆ ಕೈಗೆ ಹಿತವಾದ ಉಗುರು ಬೆಚ್ಚಗಿನ ನೀರು. 30 ಎಂದರೆ ನಮ್ಮ ಬೇಸಿಗೆಯ ನಲ್ಲಿಯ ನೀರೇ ಸಾಕು. 60 ಎಂದರೆ ಕೈ ಇಡಲಾಗದಷ್ಟು ಬಿಸಿ. 95 ಎಂದರೆ ಕುದಿಯಲು ಸ್ವಲ್ಪ ಕಡಿಮೆ. ಅಮೆರಿಕದ ಬಟ್ಟೆಗಳಲ್ಲಿ ಅಂಕಿಯ ಬದಲು ಚುಕ್ಕೆಗಳಿರಬಹುದು. ಅಲ್ಲಿ ಒಂದು ಚುಕ್ಕೆ 30, ಎರಡು ಚುಕ್ಕೆ 40, ಮೂರು ಚುಕ್ಕೆ 50. ಬೋಗುಣಿಯಲ್ಲಿ ಒಂದು ಕೈ ಅದ್ದಿದಂತೆ ಬರೆದಿದ್ದರೆ ಯಂತ್ರಕ್ಕೆ ಹಾಕದೆ ಕೈಯಿಂದಲೇ ಮೆಲ್ಲಗೆ ಒಗೆಯಬೇಕು, ನೀರು 40ಕ್ಕೆ ಮೀರಬಾರದು. ಬೋಗುಣಿಯ ಮೇಲೆ ಕಾಟು ಇದ್ದರೆ ನೀರಿನ ಒಗೆತವೇ ಕೂಡದು.

ಉಣ್ಣೆಗೆ ಇಷ್ಟು ನಿರ್ಬಂಧವೇಕೆ? ಉಣ್ಣೆಯ ಎಳೆ ಕೂದಲಿನಂತೆಯೇ ಹುರುಪೆಗಳನ್ನು ಹೊದ್ದಿರುತ್ತದೆ. ಬಿಸಿನೀರು, ಸಾಬೂನು, ತಿಕ್ಕಾಟ ಈ ಮೂರೂ ಕೂಡಿದಾಗ ಆ ಹುರುಪೆಗಳು ತೆರೆದುಕೊಂಡು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಒಮ್ಮೆ ಕಚ್ಚಿಕೊಂಡ ಎಳೆಗಳನ್ನು ಬಿಡಿಸುವ ಉಪಾಯವಿಲ್ಲ. ನನ್ನ ಶಾಲಿಗೆ ಆದುದು ಇದೇ.

*ಎರಡನೆಯದು ತ್ರಿಕೋನ.* ಇದನ್ನು ರಸ್ತೆಯ ಬದಿಯ ಅಪಾಯದ ಫಲಕವೆಂದು ಭ್ರಮಿಸಬಾರದು. ಇದು ಬಿಳುಪುಕಾರಕದ, ಎಂದರೆ ಬ್ಲೀಚ್‌ನ ಚಿಹ್ನೆ. ಬರಿಯ ತ್ರಿಕೋನವಿದ್ದರೆ ಯಾವ ಬ್ಲೀಚನ್ನಾದರೂ ಬಳಸಬಹುದು. ಒಳಗೆ ಎರಡು ಓರೆಗೆರೆಗಳಿದ್ದರೆ ಕ್ಲೋರಿನ್ ಕೂಡದು, ಆಮ್ಲಜನಕ ಬಿಡುವ ಸೌಮ್ಯ ಬ್ಲೀಚ್ ಮಾತ್ರ. ಕಾಟು ಇದ್ದರೆ ಯಾವುದೂ ಬೇಡ. ಕ್ಲೋರಿನ್ ರೇಷ್ಮೆ ಮತ್ತು ಉಣ್ಣೆಯ ಎಳೆಗಳನ್ನು ತಿಂದುಹಾಕುತ್ತದೆ. ಇಲ್ಲಿಯೇ ಇನ್ನೊಂದು ಎಚ್ಚರಿಕೆಯ ಮಾತು: ಬ್ಲೀಚಿಂಗ್ ಪುಡಿಯನ್ನಾಗಲಿ ದ್ರವವನ್ನಾಗಲಿ ಶೌಚಾಲಯ ತೊಳೆಯುವ ಆಮ್ಲದೊಡನೆ ಎಂದೂ ಬೆರೆಸಬೇಡಿರಿ. ಅದರಿಂದ ಏಳುವ ಕ್ಲೋರಿನ್ ಅನಿಲ ಪ್ರಾಣಕ್ಕೇ ಎರವಾಗಬಲ್ಲದು.

*ಮೂರನೆಯದು ಚೌಕ.* ಇದು ಒಣಗಿಸುವ ಚಿಹ್ನೆ. ನಮ್ಮ ಮನೆಗಳಲ್ಲಿ ಅತ್ಯಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ಚೌಕದೊಳಗೆ ವೃತ್ತವಿದ್ದರೆ ಅದು ಬಿಸಿಗಾಳಿಯಿಂದ ಬಟ್ಟೆಯನ್ನು ಉರುಳಿಸಿ ಒಣಗಿಸುವ ಯಂತ್ರವನ್ನು ಸೂಚಿಸುತ್ತದೆ; ಒಂದು ಚುಕ್ಕೆ ಕಡಿಮೆ ಬಿಸಿ, ಎರಡು ಚುಕ್ಕೆ ಸಾಮಾನ್ಯ ಬಿಸಿ. ಅದರ ಮೇಲೆ ಕಾಟು ಇದ್ದರೆ ಆ ಯಂತ್ರ ಬೇಡವೆಂದರ್ಥ. ನಮ್ಮಲ್ಲಿ ಎರಡು ತೊಟ್ಟಿಗಳ ಒಗೆಯುವ ಯಂತ್ರದ ಎರಡನೆಯ ತೊಟ್ಟಿಯನ್ನು ‘ಡ್ರೈಯರ್’ ಎನ್ನುತ್ತೇವೆ. ಅದು ಬಟ್ಟೆಯನ್ನು ವೇಗವಾಗಿ ತಿರುಗಿಸಿ ನೀರು ಹಿಂಡುತ್ತದೆ, ಅಷ್ಟೇ; ಬಿಸಿಗಾಳಿಯ ಸಂಬಂಧ ಅದಕ್ಕಿಲ್ಲ. ಕಾಟು ಹಾಕಿದ ಚೌಕ ಆ ತೊಟ್ಟಿಯ ವಿಷಯವನ್ನು ಹೇಳುತ್ತಿಲ್ಲ. ಈ ಒಂದು ಹೆಸರಿನ ಗೊಂದಲದಿಂದ ಹಿಂಡಬಹುದಾದ ಅಂಗಿಯನ್ನು ಹಿಂಡದೆ ನೀರು ಸೋರುವಂತೆ ತೂಗುಹಾಕುವವರೂ ಇದ್ದಾರೆ.

ಚೌಕದಲ್ಲಿ ಒಂದು ಲಂಬ ಗೆರೆಯಿದ್ದರೆ ಹಗ್ಗದ ಮೇಲೆ ತೂಗುಹಾಕಿ ಒಣಗಿಸಬೇಕು. ಎರಡು ಲಂಬ ಗೆರೆಗಳಿದ್ದರೆ ಹಿಂಡದೆಯೇ ತೂಗುಹಾಕಬೇಕು. ಒಂದು ಅಡ್ಡಗೆರೆಯಿದ್ದರೆ ಸಮತಟ್ಟಾದ ಜಾಗದಲ್ಲಿ ಹರಡಬೇಕು. ಹೆಣೆದ ಸ್ವೆಟರುಗಳಿಗೆ ಇದು ಅವಶ್ಯ, ಏಕೆಂದರೆ ತೂಗುಹಾಕಿದರೆ ನೀರಿನ ಭಾರಕ್ಕೆ ಅವು ಜೋತುಬೀಳುತ್ತವೆ. ಎರಡು ಅಡ್ಡಗೆರೆಗಳಿದ್ದರೆ ಹಿಂಡದೆಯೇ ಹರಡಬೇಕು. ಎಡಮೂಲೆಯಲ್ಲಿ ಒಂದು ಓರೆಗೆರೆ ಇದ್ದರೆ ನೆರಳಿನಲ್ಲಿ ಒಣಗಿಸಬೇಕು. ನಮ್ಮ ಬಿಸಿಲಿನ ನಾಡಿಗೆ ಈ ಕೊನೆಯ ಚಿಹ್ನೆ ಬಹು ಮುಖ್ಯ. ಅಮೆರಿಕದ ಬಟ್ಟೆಗಳಲ್ಲಿ ಚೌಕದ ಮೇಲ್ಭಾಗದಿಂದ ಜೋತುಬಿದ್ದ ಬಾಗುಗೆರೆಯೂ ಹಗ್ಗದ ಮೇಲೆ ಒಣಗಿಸುವುದನ್ನೇ ಸೂಚಿಸುತ್ತದೆ.

*ನಾಲ್ಕನೆಯದು ಇಸ್ತ್ರಿ ಪೆಟ್ಟಿಗೆ.* ಇದಕ್ಕೆ ವ್ಯಾಖ್ಯಾನ ಬೇಡ, ಚುಕ್ಕೆಗಳನ್ನು ಎಣಿಸಿದರೆ ಸಾಕು. 2012ರ ಮಾನಕದಲ್ಲಿ ಒಂದು ಚುಕ್ಕೆಗೆ 110, ಎರಡಕ್ಕೆ 150, ಮೂರಕ್ಕೆ 200 ಡಿಗ್ರಿಗಳ ಮಿತಿಯನ್ನು ಹೇಳಿದ್ದಾರೆ. ಸ್ಥೂಲವಾಗಿ ಒಂದು ಚುಕ್ಕೆ ನೈಲಾನ್, ಅಕ್ರಿಲಿಕ್‌ಗಳಿಗೆ. ಎರಡು ಚುಕ್ಕೆ ರೇಷ್ಮೆ, ಉಣ್ಣೆ, ಪಾಲಿಯೆಸ್ಟರ್‌ಗಳಿಗೆ. ಮೂರು ಚುಕ್ಕೆ ಹತ್ತಿ ಮತ್ತು ನಾರುಬಟ್ಟೆಗಳಿಗೆ. ಪೆಟ್ಟಿಗೆಯ ತಳದ ಗೆರೆಗಳಿಗೆ ಕಾಟು ಇದ್ದರೆ ಹಬೆ ಕೂಡದು. ಮನೆಯ ವಿದ್ಯುತ್ ಪೆಟ್ಟಿಗೆಯ ಗುಂಡಿಯ ಮೇಲೂ ಇದೇ ಚುಕ್ಕೆಗಳಿರುತ್ತವೆ. ಎರಡನ್ನೂ ಹೋಲಿಸಿದರೆ ಮುಗಿಯಿತು. ಬೀದಿಯ ಮೂಲೆಯಲ್ಲಿ ಇದ್ದಿಲಿನ ಪೆಟ್ಟಿಗೆಯಿಂದ ಇಸ್ತ್ರಿ ಮಾಡುವವರಿಗೆ ಮಾತ್ರ ಚುಕ್ಕೆಗಳಿಲ್ಲ. ಅವರು ನೀರು ಚಿಮುಕಿಸಿ ಬಿಸಿಯನ್ನು ಅಳೆಯುತ್ತಾರೆ. ಅಂಥವರಿಗೆ ಕೊಡುವಾಗ ಬಟ್ಟೆಯ ಬಗೆಯನ್ನು ಬಾಯಿಬಿಟ್ಟು ಹೇಳುವುದು ಕೊಡುವವರ ಕರ್ತವ್ಯ. ಹೇಳದೆ ಕೊಟ್ಟು, ಸುಟ್ಟ ಮೇಲೆ ಬಡವನ ಕೂಲಿಯಿಂದ ಹಣ ಮುರಿದುಕೊಳ್ಳುವುದು ನ್ಯಾಯವಲ್ಲ.

*ಐದನೆಯದು ವೃತ್ತ.* ಇದು ಅಂಗಡಿಯವರಿಗೆ ಸೇರಿದ ಚಿಹ್ನೆ. ಬಟ್ಟೆಯನ್ನು ನೀರಿಲ್ಲದೆ ಶುಚಿಗೊಳಿಸುವುದನ್ನು ‘ಡ್ರೈ ಕ್ಲೀನಿಂಗ್’ ಎನ್ನುತ್ತೇವೆ. ಹೆಸರು ಒಣ ಎಂದಿದ್ದರೂ ಬಟ್ಟೆ ಒಣಗಿರುವುದಿಲ್ಲ. ನೀರಿನ ಬದಲು ಬೇರೊಂದು ದ್ರಾವಕದಲ್ಲಿ ಮುಳುಗುತ್ತದೆ. ‘ಪಿ’ ಎಂಬ ಅಕ್ಷರ ಪರ್‌ಕ್ಲೋರೋಎಥಿಲೀನ್ ಎಂಬ ದ್ರಾವಕವನ್ನೂ, ಅದಕ್ಕಿಂತ ಸೌಮ್ಯವಾದವುಗಳನ್ನೂ ಬಳಸಬಹುದೆಂದು ಹೇಳುತ್ತದೆ. ‘ಎಫ್’ ಎಂದರೆ ಹೈಡ್ರೋಕಾರ್ಬನ್ ದ್ರಾವಕಗಳು ಮಾತ್ರ. ‘ಡಬ್ಲ್ಯು’ ಎಂದರೆ ಅಂಗಡಿಯವರು ವಿಶೇಷ ವಿಧಾನದಿಂದ ನೀರಿನಲ್ಲಿಯೇ ಒಗೆಯಬಹುದು. ಈ ಅಕ್ಷರಗಳನ್ನು ನಾವು ನೆನಪಿಡಬೇಕಾಗಿಲ್ಲ, ಪಟ್ಟಿಯನ್ನು ಅಂಗಡಿಯವರಿಗೆ ತೋರಿಸಿದರೆ ಸಾಕು. ಆದರೆ ಒಂದು ವಿಷಯ ನೆನಪಿರಲಿ. ಪರ್‌ಕ್ಲೋರೋಎಥಿಲೀನ್ ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿನಲ್ಲಿದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಆದುದರಿಂದ ಅಂಗಡಿಯಿಂದ ತಂದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು, ಗಾಳಿಯಾಡುವ ಕಡೆ ತೂಗುಹಾಕಿ, ವಾಸನೆ ಹೋದ ಮೇಲೆ ಕಪಾಟಿನಲ್ಲಿಡುವುದು ಲೇಸು.

ಎರಡು ಸೂತ್ರಗಳು

ಚಿಹ್ನೆಗಳನ್ನು ಕಲಿತ ಮೇಲೆ ಅವುಗಳ ಹಿಂದಿರುವ ಎರಡು ಸೂತ್ರಗಳನ್ನು ತಿಳಿಯಬೇಕು.

ಮೊದಲನೆಯ ಸೂತ್ರ: ಪಟ್ಟಿ ಹೇಳುವುದು ಗರಿಷ್ಠ ಮಿತಿಯನ್ನು. 60 ಎಂದು ಬರೆದಿದ್ದರೆ 60ರಲ್ಲಿಯೇ ಒಗೆಯಬೇಕೆಂಬ ಆಜ್ಞೆಯಲ್ಲ; ಅದನ್ನು ಮೀರಬೇಡಿರಿ ಎಂಬ ಬಿನ್ನಹ. ತಣ್ಣೀರಿನಲ್ಲಿ ಒಗೆದರೆ ದೋಷವಿಲ್ಲ. ಬರಿಯ ತ್ರಿಕೋನವಿದೆಯೆಂದು ಬ್ಲೀಚ್ ಹಾಕಲೇಬೇಕೆಂದಿಲ್ಲ. ಮೃದುತನಕ್ಕೆ ಎಂದೂ ಅನುಮತಿ ಉಂಟು, ಕಾಠಿಣ್ಯಕ್ಕೆ ಮಾತ್ರ ಮಿತಿ ಉಂಟು.

ಎರಡನೆಯ ಸೂತ್ರ: ಪಟ್ಟಿ ಇಡೀ ಉಡುಪಿಗೆ ಅನ್ವಯಿಸುತ್ತದೆ, ಆದುದರಿಂದ ಅದು ಉಡುಪಿನ ಅತಿ ದುರ್ಬಲ ಭಾಗದ ಪರವಾಗಿ ಮಾತನಾಡುತ್ತದೆ. ಹತ್ತಿಯ ಅಂಗಿ ಬಿಸಿನೀರನ್ನು ತಾಳಬಲ್ಲದು, ಆದರೆ ಅದರ ಬಣ್ಣವೋ ಕಸೂತಿಯೋ ಒಳಪದರವೋ ತಾಳಲಾರದು. ಇದಕ್ಕೆ ನಮ್ಮ ಇಳಕಲ್ಲ ಸೀರೆಗಿಂತ ಒಳ್ಳೆಯ ದೃಷ್ಟಾಂತ ಬೇರೆ ಬೇಕಿಲ್ಲ. ಅದರ ಒಡಲು ಹಲವು ವೇಳೆ ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕೊಂಡಿ ಹಾಕಿ ಕೂಡಿಸುವುದೇ ಆ ನೇಕಾರಿಕೆಯ ವಿಶೇಷ. ಹತ್ತಿಯ ಒಡಲನ್ನು ನೋಡಿ ಸೋಡಾ ಹಾಕಿ ಬಿಸಿನೀರಿನಲ್ಲಿ ನೆನೆಸಿದರೆ ಕೆಂಪು ಸೆರಗಿನ ಗತಿಯೇನು? ಕೂಡಿ ಬಾಳುವ ಕಡೆ ಗಟ್ಟಿಯಾದವರ ಅಳತೆಯಲ್ಲಿ ಎಲ್ಲರನ್ನೂ ಅಳೆಯಬಾರದು.

ಪಟ್ಟಿ ಇಲ್ಲದ ಬಟ್ಟೆಗಳು

ನಮ್ಮ ಮನೆಗಳ ಅತ್ಯಂತ ಬೆಲೆಯುಳ್ಳ ಬಟ್ಟೆಗಳಿಗೆ ಪಟ್ಟಿ ಇರುವುದು ಅಪರೂಪ. ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ, ಮೊಳಕಾಲ್ಮೂರಿನ ರೇಷ್ಮೆ, ಅಜ್ಜಿಯ ಪೆಟ್ಟಿಗೆಯ ಜರಿ ಸೀರೆ ಇವುಗಳನ್ನು ಓದುವುದು ಹೇಗೆ? ನೂಲಿನ ಜಾತಿಯಿಂದ.

ಹತ್ತಿ ಸಸ್ಯದಿಂದ ಬಂದುದು, ಕ್ಷಾರವನ್ನು ತಾಳುತ್ತದೆ. ಸವಳು, ಬೂದಿ, ಸೋಡಾ ಇವೆಲ್ಲ ಕ್ಷಾರಗಳೇ. ರೇಷ್ಮೆ ಹುಳುವಿನಿಂದ, ಉಣ್ಣೆ ಕುರಿಯಿಂದ ಬಂದವು. ನಮ್ಮ ಕೂದಲಿನಂತೆ ಇವೂ ಪ್ರೋಟೀನುಗಳು. ಕ್ಷಾರ ಇವುಗಳನ್ನು ಸವೆಯಿಸುತ್ತದೆ. ತಲೆಗೆ ಯಾವುದನ್ನು ಹಾಕಲು ಹೆದರುತ್ತೇವೆಯೋ ಅದನ್ನು ರೇಷ್ಮೆಗೂ ಹಾಕಬಾರದು ಎಂದು ನೆನಪಿಟ್ಟರೆ ಸಾಕು. ಅಜ್ಜಿಯಂದಿರು ತಲೆಗೂ ರೇಷ್ಮೆಗೂ ಅಂಟುವಾಳವನ್ನೇ ಬಳಸಿದ್ದು ಆಕಸ್ಮಿಕವಲ್ಲ. ವಿಸ್ಕೋಸ್ ಎಂಬ ಕೃತಕ ರೇಷ್ಮೆ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ಅದನ್ನು ತಿರುಚಿ ಹಿಂಡಬಾರದು.

ಬಣ್ಣ ಬಿಡುವುದೋ ಇಲ್ಲವೋ ತಿಳಿಯಲು ಸೀರೆಯ ಒಳಮೂಲೆಯನ್ನು ಒದ್ದೆ ಮಾಡಿ ಬಿಳಿಯ ಬಟ್ಟೆಯಿಂದ ಒತ್ತಿ ನೋಡಬೇಕು. ಬಿಳಿಯ ಬಟ್ಟೆಗೆ ಬಣ್ಣ ಹತ್ತಿದರೆ ಅದನ್ನು ಬೇರೆಯಾಗಿಯೇ ಒಗೆಯಬೇಕು. ರೇಷ್ಮೆಯನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡದೆ, ಒಣ ಟವೆಲ್ಲಿನಲ್ಲಿ ಸುತ್ತಿ ನೀರು ಹೀರಿಸಿ, ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಆರಿಸಬೇಕು. ಜರಿಯ ಭಾರವಿರುವ ಸೀರೆಯನ್ನು ಮನೆಯಲ್ಲಿ ನೀರಿಗೆ ಹಾಕದೆ ಬಲ್ಲವರಿಗೆ ಕೊಡುವುದೇ ಕ್ಷೇಮ.

ಮನೆಯೊಳಗಿನ ಮಾತು

ತಾಯಂದಿರಿಗೂ ಸಹೋದರರಿಗೂ ನನ್ನ ವಿನಂತಿ ಮೂರು. ಬಟ್ಟೆ ಕೊಳ್ಳುವಾಗ ಬೆಲೆಯ ಚೀಟಿಯೊಡನೆ ಈ ಪಟ್ಟಿಯನ್ನೂ ನೋಡಿರಿ. ಕಾಟು ಹಾಕಿದ ಬೋಗುಣಿಯಿದ್ದರೆ ಪ್ರತಿ ಒಗೆತಕ್ಕೂ ಅಂಗಡಿಯ ಖರ್ಚು ಉಂಟೆಂದು ತಿಳಿಯಿರಿ. ಕುತ್ತಿಗೆಗೆ ಚುಚ್ಚುತ್ತದೆಂದು ಪಟ್ಟಿಯನ್ನು ಕತ್ತರಿಸಿದರೂ ಎಸೆಯಬೇಡಿರಿ. ಯಾವ ಬಟ್ಟೆಯದೆಂದು ಬರೆದು ಒಂದು ಡಬ್ಬಿಯಲ್ಲಿ ಇಡಿರಿ. ಬಟ್ಟೆಯನ್ನು ರಾಶಿಗೆ ಹಾಕುವವರೇ ಅದರ ಪಟ್ಟಿಯನ್ನು ಓದಿ ಹಾಕಿರಿ. ಈ ಮೂರನೆಯದು ವಿಶೇಷವಾಗಿ ಗಂಡಸರಿಗೆ. ಉಡುವವರು ಒಬ್ಬರು, ಒಗೆಯುವವರು ಮತ್ತೊಬ್ಬರು ಆದಾಗ ಕೆಟ್ಟುದರ ಹೊಣೆಯೆಲ್ಲ ಒಗೆದವರ ತಲೆಯ ಮೇಲೆ ಬೀಳುತ್ತದೆ. ಸೊಸೆಯಂದಿರು, ಮನೆಗೆಲಸದ ಹೆಣ್ಣುಮಕ್ಕಳು, ಇಸ್ತ್ರಿಯವರು ಎಷ್ಟು ವರ್ಷಗಳಿಂದ ತಮ್ಮದಲ್ಲದ ತಪ್ಪಿಗೆ ಮಾತು ಕೇಳಿದ್ದಾರೋ!

ನಾನು ಮೊಮ್ಮಗಳ ಕೈಯಿಂದ ಐದು ಚಿತ್ರಗಳನ್ನು ದೊಡ್ಡದಾಗಿ ಬರೆಯಿಸಿ, ಕನ್ನಡದಲ್ಲಿ ಅರ್ಥ ಸೇರಿಸಿ, ಯಂತ್ರದ ಮೇಲಿನ ಗೋಡೆಗೆ ಅಂಟಿಸಿದೆ. ನಮ್ಮ ಮನೆಗೆ ಕೆಲಸಕ್ಕೆ ಬರುವ ತಾಯಿಗೆ ಓದು ಬರಹ ಬಾರದು. ಆಕೆ ಆ ಚಿತ್ರಗಳನ್ನು ಒಂದೇ ಬೆಳಗಿನಲ್ಲಿ ಕಲಿತಳು. ನನಗೆ ನಾಲ್ಕು ದಿನ ಬೇಕಾಗಿತ್ತು. ಅಕ್ಷರ ಬಾರದವರಿಗೂ ತಿಳಿಯಲೆಂದೇ ಚಿತ್ರವಾದ ಲಿಪಿ ಅದು. ಅಕ್ಷರದ ಅಹಂಕಾರವಿದ್ದವನಿಗೆ ತಡವಾದುದರಲ್ಲಿ ಆಶ್ಚರ್ಯವೇನಿಲ್ಲ.

ಆ ಸಂಜೆ ಎಲ್ಲರೂ ಊಟಕ್ಕೆ ಕುಳಿತಾಗ ಸೊಸೆಗೆ ಹೇಳಿದೆ: “ಯವ್ವಾ, ಅದನ್ನ ರಾಶಿಗೆ ಹಾಕಿದಾಂವ ನಾನು. ತಪ್ಪು ನಂದು.” ಆಕೆ ಏನೂ ಹೇಳಲಿಲ್ಲ, ಎದ್ದು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಬಡಿಸಿದಳು. ಮರುದಿನ ಬೆಳಗಿನ ಚಹಾ ಆಕೆಯೇ ತಂದಳು.

ಕುಗ್ಗಿದ ಶಾಲನ್ನು ಎಸೆಯಲು ಮನಸ್ಸಾಗಲಿಲ್ಲ. ದಪ್ಪವಾಗಿ, ಗಟ್ಟಿಯಾಗಿ, ನನ್ನ ಬರೆಯುವ ಮಣೆಯ ಅಳತೆಗೆ ಅದು ಸರಿಯಾಗಿ ಕೂಡಿಬಂದಿದೆ. ಅದರ ಮೇಲೆ ಕಾಗದವಿಟ್ಟೇ ಈ ಲೇಖನವನ್ನು ಬರೆದಿದ್ದೇನೆ. ಮೂಲೆಯ ಪಟ್ಟಿಯನ್ನು ಮಾತ್ರ ಕತ್ತರಿಸಿಲ್ಲ.